ಊರೂರಿನ ಸಿಹಿ, ಒಂದು ಉತ್ತರ ಬಾಕಿ

ಲುಕಾಂಗ್
ನವೆಂಬರ್ ೧೪, ಬೆಳಗಿನ ತಿಂಡಿಯ ಹೊತ್ತು

ನನ್ನ ಮುದ್ದಿನ ಜಗಳಗಂಟಿ ಪೇಜೆನ್‌ಗೆ,

ಅಮ್ಮ ಚೆನ್ನಾಗಿದ್ದಾಳೆ. ಹೊಟ್ಟೆ ಮಾತ್ರ ಸ್ವಲ್ಪ ಮುಂದೆ ಬಂದಿದೆ. ಫೋನಿನಲ್ಲಾದರೆ ನೀನು ನಡುನಡುವೆ ಬಾಯಿ ಹಾಕುತ್ತೀಯೆಂದು ಕಾಗದ ಬರೆಯುತ್ತಿದ್ದೇನೆ. ತೆಪ್ಪಗೆ ಕೊನೆಯವರೆಗೂ ಓದು.

ಹೊರಡುವ ದಿನ ನೀನು ಅಂದದ್ದು ಇನ್ನೂ ಕಿವಿಯಲ್ಲಿದೆ. "ಈ ವಯಸ್ಸಲ್ಲಿ ಮದ್ವೆನಾ ಅಮ್ಮಾ? ಅಪ್ಪನ್ನ ಇಷ್ಟು ಬೇಗ ಮರೆತ್ಬಿಟ್ಯಾ?" ನಾನಿನ್ನೂ ಹೂಂ ಅಂದಿಲ್ಲವಲ್ಲೇ! ಚುಂಗ್ ಅವರು ಕೇಳಿದರು, ಅಷ್ಟೇ. ಅವರಿಗೆ ನಾನು ಹೇಳಿದ್ದಿಷ್ಟು: "ಮದ್ವೆ ಆದಾಗಿಂದ ಗಾಡಿ ಹಿಂದೆ ನಿಂತು ಊರಿಗೆಲ್ಲ ಸೋಯಾ ಹಾಲಿನ ಮೆತ್ತನೆ ದೌಹ್ವಾ ಬಡಿಸಿದೀನಿ. ಬೇರೆಯೋರ ಗಾಡಿ ಮುಂದೆ ಕೂತು ನೆಮ್ಮದಿಯಾಗಿ ಒಂದು ಬಟ್ಲು ತಿಂದೋಳಲ್ಲ. ಒಂದ್ಸಲ ದ್ವೀಪ ಪೂರ್ತಿ ಸುತ್ತಿ ತಿನ್ಬೇಕು. ಬರೋದಾದ್ರೆ ಬನ್ನಿ, ವಾಪಸ್ ತೈನಾನ್ ಮುಟ್ಟೋದ್ರೊಳಗೆ ಉತ್ತರ ಹೇಳ್ತೀನಿ." ರೈಲಿನಲ್ಲಿ ಟಿಕೆಟ್ ನೋಡುವ ಕೆಲಸ ಮಾಡಿ ನಿವೃತ್ತರಾದ ಮನುಷ್ಯ, ಸುತ್ತುವುದೆಂದರೆ ಕೇಳಬೇಕೇ! ಮರುದಿನ ನನಗಿಂತ ಮೊದಲೇ ಸ್ಟೇಷನ್ನಿನಲ್ಲಿ ನಿಂತಿದ್ದರು. ಬೇರೆ ಬೇರೆ ಕೋಣೆ ಹಿಡಿಯುತ್ತಿದ್ದೇವೆ, ಹುಬ್ಬು ಏರಿಸಬೇಡ.

ಮೊದಲು ದಕ್ಷಿಣಕ್ಕೆ, ಚಾವ್‌ಜೋವಿಗೆ ಹೋದೆವು. ಅಲ್ಲಿಯ ಬಿಸಿ-ತಣ್ಣನೆ ಐಸಿನ ವಿಷಯ ನೀನೂ ಕೇಳಿರಬೇಕು. ಬಟ್ಟಲಿನ ತಳದಲ್ಲಿ ಹಬೆಯಾಡುವ ಅಕ್ಕಿ ಉಂಡೆ, ಕೆಸುವಿನ ಗೆಡ್ಡೆ, ಕೆಂಪು ಕಾಳು. ಮೇಲೆ ಹೆರೆದ ಐಸು, ಬೆಲ್ಲದ ಪಾಕ. ಒಂದೇ ಚಮಚದಲ್ಲಿ ಎರಡೂ ಬರುವಂತೆ ಆಳಕ್ಕೆ ತೋಡಿ ತಿನ್ನಬೇಕು. ನಮ್ಮ ಚುಂಗ್ ಅವರು ಮಾಡಿದ್ದೇನು? ಇಡೀ ಬಟ್ಟಲನ್ನು ಗರಗರ ಕಲಸಿಬಿಟ್ಟರು. ಅಂಗಡಿಯಾಕೆ ಸೌಟು ಹಿಡಿದೇ ಓಡಿ ಬಂದಳು. "ಅಯ್ಯಯ್ಯೋ, ಹಂಗ್ ಕಲಸ್ಬೇಡಿ! ಅದೇನು ಹಂದಿಗೆ ಹಾಕೋ ಗಂಜಿ ಅಂದ್ಕೊಂಡ್ರಾ? ಯಾವೂರು ನಿಮ್ದು?" ಶಿನ್‌ಚೂ ಎಂದರು ಇವರು. ಅಕ್ಕಪಕ್ಕದ ಮೇಜಿನವರೆಲ್ಲ ಗೊಳ್ಳೆಂದರು. "ಓ, ಉತ್ತರದೋರಾ? ಬಿಡಿ ಬಿಡಿ, ನಿಮ್ ತಪ್ಪಲ್ಲ!" ನನಗೆ ನಾಚಿಕೆಯಾಗಿ ಬೇರೆ ಕಡೆ ತಿರುಗಿ ಕುಳಿತೆ. ಚುಂಗ್ ಅವರು ಆ ಗಂಜಿಯನ್ನು ಗಟಗಟ ಕುಡಿದು, ಇನ್ನೊಂದು ಬಟ್ಟಲು ತರಿಸಿ, "ತಾಯಿ, ಈಗ ಸರಿಯಾಗಿ ಹೇಳ್ಕೊಡಿ" ಎಂದು ಆಕೆಯ ಎದುರೇ ತಿಂದರು. ಬೈಸಿಕೊಂಡು ನಗುನಗುತ್ತಾ ಕಲಿಯುವ ಗಂಡಸರನ್ನು ನಾನು ಹೆಚ್ಚು ನೋಡಿಲ್ಲ.

ಎಲ್ಲವೂ ಹೀಗೆ ಚೆನ್ನಾಗಿಯೇ ಇತ್ತು ಅಂತಲ್ಲ. ತೈತುಂಗ್ ದಾಟಿದ ಮೇಲೆ ರೈಲಿನಲ್ಲಿ, ಹಬ್ಬಕ್ಕೆ ಮಾಡುವಂಥ ಎಲೆಯಲ್ಲಿ ಕಟ್ಟಿದ ಅನ್ನದ ಪೊಟ್ಟಣ ಬಿಚ್ಚಿದೆವು, ಜಗಳವೂ ಬಿಚ್ಚಿಕೊಂಡಿತು. "ನಿಮ್ಮ ದಕ್ಷಿಣದೋರು ಬೇಯಿಸಿ ಬೇಯಿಸಿ ಅನ್ನಾನ ಕೆಸರು ಮಾಡ್ತೀರಿ" ಎಂದರು. ನಾನು ಬಿಡುತ್ತೇನೆಯೇ? "ನಿಮ್ದೇನು ಮಹಾ! ಹುರಿದ ಅನ್ನಕ್ಕೆ ಎಲೆ ಸುತ್ತಿ ಹಬ್ಬ ಅಂತೀರಿ" ಎಂದೆ. ಆಮೇಲೆ ಇಬ್ಬರೂ ಮುಖ ತಿರುಗಿಸಿ ಒಬ್ಬೊಬ್ಬರು ಒಂದೊಂದು ಕಿಟಕಿ ನೋಡುತ್ತಾ ಕುಳಿತೆವು. ಸುರಂಗದೊಳಗೆ ಹೋದಾಗ ಗಾಜಿನಲ್ಲಿ ಅವರ ಉಬ್ಬಿದ ಮುಖ ಕಂಡಿತು, ಅವರಿಗೆ ನನ್ನದು. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಇಲಾನಿನಲ್ಲಿ ನಡೆದದ್ದನ್ನು ಬರೆಯಲೋ ಬೇಡವೋ ಎಂದು ಯೋಚಿಸಿದೆ. ಹಾಳೆಯಂಥ ತೆಳ್ಳನೆ ರೊಟ್ಟಿಯ ಮೇಲೆ ಕಡಲೆಕಾಯಿ ಮಿಠಾಯಿಯನ್ನು ಹೆರೆದು ಉದುರಿಸಿ, ಐಸ್‌ಕ್ರೀಮ್ ಇಟ್ಟು, ಕೊತ್ತಂಬರಿ ಸೊಪ್ಪು ಹಾಕಿ ಸುತ್ತಿ ಕೊಡುತ್ತಾರಲ್ಲ, ಅದರ ಸಾಲಿನಲ್ಲಿ ಚುಂಗ್ ಅವರು ನಿಂತಿದ್ದರು. ನಾನು ಕಟ್ಟೆಯ ಮೇಲೆ ಕುಳಿತಿದ್ದೆ. ಅಲ್ಲಿಂದಲೇ ಕೂಗಿದರು, "ನಿಮ್ಗೆ ಏನೇನ್ ಹಾಕಿಸ್ಲಿ?" ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ದಿನಬೆಳಗಾದರೆ ಜನರನ್ನು ನಾನು ಕೇಳುವ ಮಾತದು. ಕಾಳು ಹಾಕಲಾ, ಶುಂಠಿ ಪಾಕ ಹಾಕಲಾ, ಐಸು ಬೇಕಾ ಎಂದು. ನನ್ನನ್ನು ಅದುವರೆಗೆ ಯಾರೂ ಕೇಳಿರಲಿಲ್ಲ ಮಗಳೇ. ಗಾಡಿಯಲ್ಲಿ ಉಳಿದದ್ದನ್ನು ತಿಂದು ಪಾತ್ರೆ ತೊಳೆದವಳು ನಾನು. ಕೊತ್ತಂಬರಿ ಬೇಡ ಎಂದೆ. ಮಾರುವವಳು ಗೊಣಗಿದಳು, "ಕೊತ್ತಂಬರಿ ಇಲ್ದೆ ಅದೇನ್ ರುಚಿನಮ್ಮ?" ಇವರು ಅವಳಿಗೆ, "ತಿನ್ನೋರು ಅವ್ರು ತಾನೇ?" ಎಂದರು. ನನಗೆ ಎಷ್ಟು ಸಂತೋಷವಾಯಿತೆಂದರೆ ಅರ್ಧ ಐಸ್‌ಕ್ರೀಮು ಮೊಣಕೈವರೆಗೆ ಸೋರಿತು.

ನಿನ್ನ ಅಪ್ಪನನ್ನು ಮರೆತಿಲ್ಲ. ಕೀಲುಂಗಿನ ಸಂತೆ ಬೀದಿಯಲ್ಲಿ ಕಡೆದ ಐಸು ತಿನ್ನುವಾಗ ಅವರ ನೆನಪಾಗಿ ಅತ್ತುಬಿಟ್ಟೆ. ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ ಎನ್ನುತ್ತಿದ್ದರು, ಗಾಡಿ ಬಿಡಲು ಆಗಲೇ ಇಲ್ಲ. ಚುಂಗ್ ಅವರೂ ಹೆಂಡತಿಯನ್ನು ಮಣ್ಣು ಮಾಡಿದವರು, ಅವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಕರವಸ್ತ್ರ ಕೊಟ್ಟು, ಒಂದು ಬಟ್ಟಲು ಹೆಚ್ಚಿಗೆ ತರಿಸಿ ನಮ್ಮಿಬ್ಬರ ನಡುವೆ ಖಾಲಿ ಜಾಗದಲ್ಲಿ ಇಟ್ಟರು. ಅದು ಕರಗುವವರೆಗೂ ನಾವು ಏಳಲಿಲ್ಲ.

ನಾಳೆ ತೈನಾನ್ ಮುಟ್ಟುತ್ತೇವೆ. ಉತ್ತರ ಇನ್ನೂ ಹೇಳಿಲ್ಲ. ಹೂಂ ಅನ್ನಲು ಈ ವಯಸ್ಸಿನಲ್ಲಿ ನಾಲಿಗೆ ಏಳುವುದಿಲ್ಲ. ಊಹೂಂ ಅಂದು ಮತ್ತೆ ಒಬ್ಬಳೇ ಉಣ್ಣಲು ಕೂರಲು ಮನಸ್ಸಿಲ್ಲ. ಎದುರಿಗೆ ನಿನ್ನ ಮುನಿದ ಮುಖ ಬೇರೆ. ಚುಂಗ್ ಅವರು ಏನೂ ಕೇಳುತ್ತಿಲ್ಲ, ಆದರೆ ನಿನ್ನೆಯಿಂದ ಸರಿಯಾಗಿ ತಿನ್ನುತ್ತಿಲ್ಲ. ಈಗ ಬಾಗಿಲ ಹತ್ತಿರ ನಿಂತು ಕೆಮ್ಮುತ್ತಿದ್ದಾರೆ, ತಂಗಿಗೆ ಬಿಸ್ಕತ್ತು ಕೊಳ್ಳಲು ಹೋಗಬೇಕಂತೆ. ಹೊರಡುತ್ತೇನೆ.

ನಿನ್ನ ಮೇಲೆ ಒಂದಿಷ್ಟೂ ಕೋಪವಿಲ್ಲದ,
ಅಮ್ಮ
ಯುವೆಶಿಯಾ

ಮತ್ತೊಂದು ಮಾತು: ಅಂಚೆಗೆ ಹಾಕುವ ಮೊದಲು ಕಾಗದ ಮತ್ತೆ ಬಿಚ್ಚಿದ್ದೇನೆ. ಬಿಸ್ಕತ್ತಿನ ಅಂಗಡಿಯಲ್ಲಿ ಮದುವೆಗೆ ಹಂಚುವ ದೊಡ್ಡ ದುಂಡು ಕೇಕುಗಳೂ ಇದ್ದವು. ಚುಂಗ್ ಅವರು ನನ್ನ ಕಡೆ ನೋಡದೆ, "ಇದ್ರದ್ದೂ ರುಚಿ ನೋಡ್ಬಹುದಾ?" ಎಂದು ಕೇಳಿದರು. ಅಂಗಡಿಯಾಕೆ ಎರಡು ತುಂಡು ಕತ್ತರಿಸಿ ಕೊಟ್ಟಳು. ಇವರು ತಮ್ಮದನ್ನು ಬಾಯಿಗೆ ಹಾಕಿಕೊಂಡರು. ನಾನು ಕೈ ಹಿಂದೆ ಕಟ್ಟಿಕೊಂಡೆ.

"ಯಾಕೆ, ಹೊಟ್ಟೆ ಕೆಟ್ಟಿದ್ಯಾ?" ಎಂದರು ಇವರು.

"ಇಲ್ಲ."

"ಇಷ್ಟ ಆಗ್ಲಿಲ್ವಾ?"

"ನೋಡಿದ್ರೇನೇ ಬಾಯಲ್ಲಿ ನೀರು ಬರ್ತಿದೆ."

"ಮತ್ತೆ ತಿನ್ನಿ!"

ನಾನು ಕಟ್ಟಿದ ಕೈ ಬಿಚ್ಚಲಿಲ್ಲ. ಅಂಗಡಿಯಾಕೆ ನನ್ನ ಮುಖ ನೋಡಿದಳು, ಅವರ ಮುಖ ನೋಡಿದಳು, ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದಳು. "ಅಯ್ಯೋ ಯಜಮಾನ್ರೇ! ಮದ್ವೆ ಹೆಣ್ಣು ತನ್ನ ಕೇಕು ತಾನೇ ತಿಂದ್ರೆ ತನ್ನ ಸುಖಾನೇ ತಿಂದು ಮುಗಿಸ್ದಂಗೆ ಅಲ್ವಾ? ಅದಕ್ಕೇ ಅವ್ರು ಮುಟ್ತಿಲ್ಲ!" ಚುಂಗ್ ಅವರು ತುಟಿಯ ಮೇಲೆ ಪುಡಿ ಅಂಟಿಸಿಕೊಂಡು ನಿಂತೇ ಇದ್ದರು. ಆಮೇಲೆ ಅಂಗಡಿಯಲ್ಲಿದ್ದ ಎಲ್ಲರಿಗೂ ಒಂದೊಂದು ಬಿಸ್ಕತ್ತು ಕೊಡಿಸಿದರು.

ಕಾಗದದ ಜೊತೆಗೇ ಕೇಕಿನ ಡಬ್ಬಿಗಳು ಬರುತ್ತಿವೆ. ಹಂಚುವುದು ಹೆಣ್ಣಿನ ಕಡೆಯವರ ಕೆಲಸ, ನನ್ನ ಕಡೆಯವಳೆಂದು ಇರುವವಳು ನೀನೊಬ್ಬಳೇ. ಮೊದಲ ತುಂಡು ನೀನು ತಿನ್ನು ಮಗಳೇ, ರುಚಿ ಹೇಗಿದೆಯೆಂದು ನನಗೆ ಹೇಳು. ಗೊತ್ತುಮಾಡಿಕೊಳ್ಳಲು ನನಗೆ ಬೇರೆ ದಾರಿಯಿಲ್ಲ.