ಸೂತಕದ ನಾಟಿ

ದುದ್ದ, ಶ್ರಾವಣ ಮಾಸ, ೧೯೪೨

ಚಿರಂಜೀವಿ ಮರಿಲಿಂಗನಿಗೆ,

ನೀನಿಲ್ಲದಿದ್ದರೂ ಆ ‘ಚಿರಂಜೀವಿ’ಯನ್ನು ನಾನು ಹೊಡೆದುಹಾಕುವುದಿಲ್ಲ.

ನಿನ್ನನ್ನು ಮಣ್ಣು ಮಾಡಿ ಬಂದವರಿಗೆ ಇಂದು ಜಗಲಿಯಲ್ಲಿ ನಿಂತು ವಂದನೆ ಹೇಳಿದೆ. ಅವರ ಕನಿಕರ ಮಾತ್ರ ಬೇಡವೆಂದೆ. ನೀನು ಬೀಜ ಚೆಲ್ಲಿ ಬೆಳೆಸಿದ ಒಟ್ಲಿನ ಸಸಿಮಡಿಯಲ್ಲಿ ಭತ್ತದ ಪೈರು ಬಲಿತುಹೋಗುತ್ತಿದೆ, ನಾಳೆಯೇ ನಾಟಿ ಎಂದೆ.

“ಸೂತಕ ಕಳೀಲಿ ಬುಡಿ ಗೌಡ್ರೇ, ಬೂಮ್ತಾಯಿಗೆ ಮೈಲಿಗೆ ಆಯ್ತದೆ,” ಎಂದ ನಮ್ಮ ಆಳು ಕೆಂಪಯ್ಯ.

“ನನ್ನ ಮಗನನ್ನೇ ಒಡಲಿಗೆ ಹಾಕಿಕೊಂಡಾಗ ಆಗದ ಮೈಲಿಗೆ, ಪೈರು ನೆಟ್ಟರೆ ಆಗುತ್ತದೆಯೋ?”

ಕೆಂಪಯ್ಯ ತಲೆ ತಗ್ಗಿಸಿ ಅಂಗಳ ದಾಟಿ ಹೋದ. ಕಾಲೇಜಿನ ಚರ್ಚಾಕೂಟಗಳಲ್ಲಿಯೂ ಹೀಗೆಯೇ ಗೆಲ್ಲುತ್ತಿದ್ದೆ. ಹಗ್ಗ ಕಟ್ಟಿ ನೆಡುವ ಸಾಲು ನಾಟಿಯೇ ಮೇಲೆಂದ ನಿನ್ನೆದುರೂ ಹೀಗೆಯೇ ಗೆದ್ದಿದ್ದೆ.

ಹೆಣ್ಣಾಳುಗಳು ಬರುವುದಿಲ್ಲವಂತೆ. ಬರದಿರಲಿ. ನೀನು ಗೇಣಿಗೊಂದು ಗಂಟು ಹಾಕಿಟ್ಟ ಹಗ್ಗವನ್ನು ಬದುವಿನಿಂದ ಬದುವಿಗೆ ಬಿಗಿದು, ನಾಳೆ ನಾನೊಬ್ಬನೇ ಸಾಲು ತಪ್ಪದೆ ನೆಡುತ್ತೇನೆ.