ತೋಟದ ನೀರು, ಬಯಲಿನ ಮಳೆ

ಮೇ 5, ಕಲಬುರಗಿ

ಮತ್ತೆ ಉತ್ತರಪತ್ರಿಕೆ. ಭೂಗೋಳದಲ್ಲಿ ಎಲ್ಲರದೂ ಒಂದೇ ವಾಕ್ಯ — ಗಿಡಮರ ಮಳೆ ತರುತ್ತವೆ. ಅಂಕ ಕೊಟ್ಟೆ. ಎಲ್ಲಿಗೆ ತರುತ್ತವೆ ಎಂದು ನಾನೇ ಕೇಳಿರಲಿಲ್ಲ.

ಸಂಜೆ ಲಲಿತಕ್ಕನ ಫೋನ್, ಕಮಲಾಪುರದಿಂದ. ಅವಳ ದಾಲ್ ಮಿಲ್ಲಿನ ಅಂಗಳದಲ್ಲಿ ಸಿಪ್ಪೆ ಬಿಡಲೆಂದು ಎಣ್ಣೆ ಹಚ್ಚಿ ಒಣಗಲು ಹರವಿದ ತೊಗರಿ. ಮೋಡ ಕಂಡರೆ ಬಾಚುತ್ತಾರೆ, ಹೋದರೆ ಹರವುತ್ತಾರೆ. ಒಣಗುತ್ತಲೇ ಇಲ್ಲ. ಬರುವ ಸೋಮವಾರ ಬೇಳೆ ಲಾರಿಗೆ ಹೋಗದಿದ್ದರೆ ಹೈದರಾಬಾದಿನವರು ಬೇರೆ ಮಿಲ್ ನೋಡಿಕೊಳ್ಳುತ್ತಾರೆ.

ಮೇ 9, ಕಮಲಾಪುರ

ಮಿಲ್ಲಿನ ಮಾಳಿಗೆ. ಈ ಕಡೆ ಸುತ್ತ ಕೆಂಪು ಬಾಳೆಯ ತೋಟಗಳು. ರಸ್ತೆಯಾಚೆ ಉತ್ತು ಬಿಟ್ಟ ಬಯಲು, ಕಣ್ಣು ಹಾಯುವವರೆಗೆ. ಎರಡು ಬೇಸಿಗೆಯಿಂದ ಇಲ್ಲಿ ಫೋಟೊ ತೆಗೆಯುತ್ತಿದ್ದೇನೆ. ಗಾಳಿ ಮೆಲ್ಲಗಿರುವ ದಿನ ಮೋಡ ಹೆಚ್ಚಾಗಿ ಬಯಲಿನ ಮೇಲೇ ಹುಟ್ಟುತ್ತದೆ. ಬರಿ ನೆಲ ಕಾದು ಅಲ್ಲಿಯ ಗಾಳಿ ಮೇಲೇಳುತ್ತದೆ. ತೋಟದ ತಂಪು, ತೇವದ ಗಾಳಿ ಆ ಕಡೆ ಸರಿಯುತ್ತದೆ. ನೀರು ತೋಟದ್ದು, ಮಳೆ ಪಕ್ಕದವರದ್ದು.

ಮೋಡ ಕಂಡರೂ ತೊಗರಿ ಬಾಚಬೇಡ ಎಂದೆ. ಕೆಲಸದ ಹೆಂಗಸರು ನಕ್ಕರು. ಅಕ್ಕ ನಗಲಿಲ್ಲ.

"ಗಿಡ ಇದ್ದಲ್ಲಿ ಮಳಿ ಬರಂಗಿಲ್ಲಂದ್ರ, ಕಾಲೇಜಿನಾಗ ಪೋರಗೋಳಿಗಿ ಇಷ್ಟು ವರ್ಷ ಏನ್ ಕಲಿಸ್ದಿ ತಮ್ಮಾ?"

ತಿಳಿದದ್ದನ್ನು ನಂಬಿ ಏನನ್ನೂ ಪಣಕ್ಕಿಟ್ಟವನಲ್ಲ. ಈಗಲೂ ಪಣಕ್ಕಿರುವುದು ಅವಳ ತೊಗರಿ.

ಮೇ 11, ಮಧ್ಯಾಹ್ನ 3

ಗಾಳಿ ಇಲ್ಲವೆನ್ನುವಷ್ಟು ಮೆಲ್ಲಗೆ. ಬಯಲಿನ ಮೇಲೆ ಮೋಡ ಎತ್ತರಕ್ಕೆ ಬೆಳೆದಿದೆ, ಬುಡ ಕಪ್ಪು. ಹೆಂಗಸರ ಮುಂದಾಳು ಶಿವಕಾಂತಮ್ಮ ಕಸಬರಿಗೆ ಹಿಡಿದೇ ನಿಂತಿದ್ದಾಳೆ.

"ಮಾಸ್ತರ್ರ, ಇದು ತೊಯ್ತಂದ್ರ ನಾಳಿ ನಿಮ್ಮನ್ನೂ ಇದರ ಜೋಡಿ ಹರವ್ತೀವಿ ನೋಡ್ರಿ."

ಅಕ್ಕ ಮೋಡ ನೋಡಲಿಲ್ಲ. ನನ್ನ ಮುಖ ನೋಡಿದಳು. ಆಮೇಲೆ ಬಾಚಬೇಡಿರೆಂದು ಅವರಿಗೆ ಹೇಳಿದಳು.

ಸಂಜೆ 5

ಬಂತು. ರಸ್ತೆಯಾಚೆ! ಬಯಲೇ ಕಾಣದ ಹಾಗೆ ಸುರಿಯಿತು. ಆ ಕಡೆಯಿಂದ ಬಂದ ಬೈಕಿನವನು ತೊಯ್ದು ತೊಪ್ಪೆ. ಅವನ ಅಂಗಿಯಿಂದ ಇಳಿದದ್ದು ಬಿಟ್ಟರೆ ನಮ್ಮಲ್ಲಿ ಹನಿ ಇಲ್ಲ. ಮಾಳಿಗೆಯ ಮೇಲೆ ನಾನು ಕೂಗಿದೆನಂತೆ. ಇರಬಹುದು.

ಶಿವಕಾಂತಮ್ಮ ಕಾಳೊಂದನ್ನು ಕಡಿದಳು. ಕಟಕ್. ಒಣಗಿದೆ. ರಾತ್ರಿಯೇ ಒಡೆಸುತ್ತಾರೆ, ನಾಳೆ ಲಾರಿ.

ಅಕ್ಕ ಚಹಾ ಹಿಡಿದು ಮೇಲೆ ಬಂದಳು. ಎರಡನೇ ಲಾಟ್ ನಾಳೆ ಹರವಲೇ ಎಂದು ನನ್ನನ್ನು ಕೇಳಿದಳು. ನನ್ನನ್ನು. ಬೇಡ ಎಂದೆ — ಇವತ್ತು ಬಯಲು ಕುಡಿದಿದೆ, ನಾಳೆ ಅದೂ ತೋಟದಷ್ಟೇ ತಂಪು, ಮೋಡ ಎಲ್ಲಿ ಎದ್ದೀತೋ ಹೇಳಲಾರೆ... ಕಾರಣ ಪೂರ್ತಿ ಕೇಳಲಿಲ್ಲ. ಆಗಲೇ ಮೆಟ್ಟಿಲಿಳಿದಿದ್ದಳು. ಕೆಳಗಿನಿಂದ ಅವಳ ದನಿ:

"ನಾಳಿ ಹರವೂದು ಬ್ಯಾಡ. ನನ್ನ ತಮ್ಮ ಹೇಳ್ಯಾನ."

ಶಿವಕಾಂತಮ್ಮ ಯಾಕೆಂದು ಕೇಳಲಿಲ್ಲ. ಯಾರೂ ನಗಲಿಲ್ಲ.