ಕರೆದು ತಂದ ತೋಳ

ಹದಿನಾಲ್ಕನೆಯ ತಾರೀಖು, ಗುರುವಾರ.

ಹತ್ತು ನಿಮಿಷ ಧ್ಯಾನಕ್ಕೆ ಕೂರದ ಮೊಮ್ಮಗಳು ಇಂದು ಸಂಜೆ ಕೆಳಗಿನ ಮನೆಯ ದರ್ಜಿಯ ಮೇಜಿನೆದುರು ಒಂದು ಗಂಟೆ ಅಲುಗಾಡದೆ ಕುಳಿತಿದ್ದಳು. ದಾಳ ಉರುಳಿಸಿ, ಮಾತಿನಲ್ಲೇ ಕಥೆ ಕಟ್ಟುತ್ತ ಆಡುವ ಮಾಯಾಲೋಕದ ಆಟವದು. ಅದರಲ್ಲಿ ಅವಳು ಮಂತ್ರ ಹೇಳಿ ತೋಳವೊಂದನ್ನು ಕರೆಯುತ್ತಾಳೆ; ಕರೆದವರು ಆಟದ ಹೊರಗಿನ ಒಂದು ಮಾತಾಡಿದರೂ ಮೃಗ ಮಾಯವಾಗುವುದೆಂಬುದು ದರ್ಜಿ ವಿಧಿಸಿದ ನಿಯಮ. ಅವಳಿಗೆ ಏಕಾಗ್ರತೆಯನ್ನು ಆರು ವರ್ಷ ಬೋಧಿಸಿದವನು ನಾನು. ಫಲ ಅವನ ಪಾಲಾಯಿತು.

ಬಾಗಿಲಲ್ಲಿ ನಿಂತು ಕೇಳಿದೆ: "ಪುಟ್ಟಿ, ನನ್ನ ಕನ್ನಡಕ ನೋಡಿದೆಯಾ?"

"ನಿಮ್ಮ ಮೂಗಿನ ಮೇಲೇ ಇದೆಯಲ್ಲ ತಾತ!"

"ಹೋಯ್ತು ನಿನ್ನ ತೋಳ!" ಎಂದು ದರ್ಜಿ ನಕ್ಕ. "ಯಜಮಾನ್ರೇ, ಒಂದೇ ಮಾತಿಗೆ ಓಡಿಸಿಬಿಟ್ರಲ್ಲ!"

ಮರೆವಿನ ಮುದುಕನೆಂದು ಇಬ್ಬರೂ ಮನ್ನಿಸಿದರು. ನನಗೆ ನಿಯಮವೂ ಗೊತ್ತಿತ್ತು, ಕನ್ನಡಕ ಎಲ್ಲಿದೆಯೆಂಬುದೂ ಗೊತ್ತಿತ್ತು.

ಮಲಗುವ ಮುನ್ನ ಪುಟ್ಟಿ ಬಂದು, "ಇನ್ಮೇಲೆ ಇದರಲ್ಲೇ ಇಡಿ ತಾತ, ಮರೀಬೇಡಿ," ಎಂದು ಕನ್ನಡಕಕ್ಕೊಂದು ಪುಟ್ಟ ಚೀಲ ಕೊಟ್ಟಳು. ದರ್ಜಿಯನ್ನು ಕಾಡಿ ಹೊಲಿಸಿದ್ದಂತೆ. ಹೊಲಿಗೆ ನಿರ್ದೋಷವಾಗಿದೆ, ಅದನ್ನೂ ಸಹಿಸಲಾರೆ.

ದೇವರೇ, ಕಣ್ಣು ಮುಚ್ಚಿದರೆ ನಿನ್ನ ರೂಪ ನಿಲ್ಲುತ್ತಿಲ್ಲ. ನಾನು ಓಡಿಸಿದ ಆ ತೋಳ ಮಾತ್ರ ಕದಲದೆ ನನ್ನನ್ನೇ...